ವಿನಯ ದಿನದ ಕೆಲಸವಾಗಬೇಕು



ಈ ಪುಟದಲ್ಲಿ ಸಾಮಾನ್ಯವಾಗಿ ಮೈಲುತುತ್ತದ ದರ, ಗೊಬ್ಬರದ ದಾಸ್ತಾನು, ಸಾಲ ಮರುಪಾವತಿಯ ಕೊನೆಯ ದಿನ, ಇಂಥ ವಿಚಾರಗಳನ್ನು ಬರೆಯುವುದು ವಾಡಿಕೆ. ಈ ಸಲ ಅವುಗಳಿಗೆ ಬೇರೆ ಪುಟ ಬಿಟ್ಟುಕೊಟ್ಟು, ಸಂಘದ ಗೋದಾಮಿನಲ್ಲಿ ದೊರೆಯದ, ಆದರೆ ಕೊಯ್ಲಿಗೆ ಮುಂಚೆ ಪ್ರತಿಯೊಂದು ತೋಟದಲ್ಲಿಯೂ ಇರಬೇಕಾದ ಒಂದು ವಸ್ತುವಿನ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ಅದು ವಿನಯ. ಉಪದೇಶವೆಂದು ತಿಳಿದು ಯಾರೂ ಪುಟ ಮಗುಚಬಾರದಾಗಿ ವಿನಂತಿ. ಇದೂ ತೋಟದ ಕೆಲಸದ ಮಾತೇ ಆಗಿದೆ.

ಬೆಲೆ ಬಂದ ವರ್ಷ ಬೆಳೆಗಾರನ ನಡಿಗೆ ಬದಲಾಗುತ್ತದೆ, ಮಾತಿನ ದನಿಯೂ ಬದಲಾಗುತ್ತದೆ. ಇದು ಎಲ್ಲರೂ ಕಂಡ ವಿಚಾರ. ಆದರೆ ಆ ಬೆಲೆ ಬಂದದ್ದು ಎಲ್ಲಿಂದ? 1975ರ ಜುಲೈ ತಿಂಗಳಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತ್ಯದಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ತೋಟಗಳು ಸುಟ್ಟುಹೋದವು. ಮುಂದಿನ ಎರಡು ವರ್ಷ ಜಗತ್ತಿನ ಕಾಫಿ ಬೆಲೆ ಏರುತ್ತಲೇ ಹೋಯಿತು. 2001-02ರ ಸುಮಾರಿಗೆ ವಿಯೆಟ್ನಾಮಿನ ಹೊಸ ತೋಟಗಳ ರೊಬಸ್ಟಾ ಮಾರುಕಟ್ಟೆಗೆ ನುಗ್ಗಿತು. ಬೆಲೆ ನೆಲ ಕಚ್ಚಿತು. 2024ರಲ್ಲಿ ಅದೇ ವಿಯೆಟ್ನಾಮಿನಲ್ಲಿಯೂ ಬ್ರೆಜಿಲಿನಲ್ಲಿಯೂ ಮಳೆ ಕೈಕೊಟ್ಟಿತು. 2025ರ ಆರಂಭದಲ್ಲಿ ಧಾರಣೆ ಹಿಂದೆ ಕಾಣದ ಎತ್ತರ ಮುಟ್ಟಿತು. ಈ ಮೂರು ಸಂದರ್ಭಗಳಲ್ಲಿಯೂ ನಮ್ಮ ಗುದ್ದಲಿ ಅದೇ, ಗಿಡ ಅದೇ, ಮರಗಸಿ ಮಾಡಿದ ಕೈಯೂ ಅದೇ. ಬೆಲೆ ಬಿದ್ದ ವರ್ಷ ನಾವು ದಡ್ಡರಾಗಿರಲಿಲ್ಲ. ಬೆಲೆ ಬಂದ ವರ್ಷ ಜಾಣರಾಗಲೂ ಇಲ್ಲ. ಮಾರ್ಚಿಯಲ್ಲಿ ಹೂಮಳೆ ಒಂದು ವಾರ ತಡವಾದರೆ ಯಾರ ಜಾಣತನವೂ ಕಾಯಿ ಕಟ್ಟಿಸಲಾರದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಿನಯದ ಮೊದಲ ಪಾಠ ಮುಗಿದಂತೆ.

ಯಾರ ಮುಂದೆ ವಿನಯ?

ನಮ್ಮಲ್ಲಿ ವಿನಯವಂತರಿಗೆ ಕೊರತೆಯಿಲ್ಲವೆಂದು ಕೆಲವರು ಹೇಳಬಹುದು. ಬ್ಯಾಂಕಿನ ಮ್ಯಾನೇಜರರ ಮುಂದೆ ಎದ್ದು ನಿಲ್ಲುತ್ತೇವೆ. ಸಾಹೇಬರು ಬಂದರೆ ಎಳನೀರು ಕೆತ್ತಿಸುತ್ತೇವೆ. ನೂರಾರು ಎಕರೆಯ ಸಾಹುಕಾರರ ಎದುರಿಗೆ "ನಮ್ಮದೇನು, ಎರಡೆಕರೆ ಬಡ ತೋಟ" ಎಂದು ಕೈ ಹೊಸಕುತ್ತೇವೆ. ಇದು ಮರ್ಯಾದೆಯಾಗಬಹುದು, ಲೋಕರೂಢಿಯಾಗಬಹುದು, ಕೆಲವೊಮ್ಮೆ ಬರೀ ಲಾಭದ ಲೆಕ್ಕವೂ ಆಗಬಹುದು. ಕೆಲಸವಾಗಬೇಕಾದವರ ಮುಂದೆ ಬಾಗುವುದು ಯಾರಿಗೂ ಕಷ್ಟವಲ್ಲ. ನಮ್ಮ ಮೇಲೆ ಕೋಪಿಸಿಕೊಂಡರೂ ನಮಗೇನೂ ನಷ್ಟ ಮಾಡಲಾರದವರ ಮುಂದೆ ನಮ್ಮ ದನಿ ಹೇಗಿರುತ್ತದೆ ಎಂಬುದೇ ವಿನಯದ ಪರೀಕ್ಷೆಯೆಂದು ನಮ್ಮ ಅಭಿಪ್ರಾಯ.

ಸಣ್ಣ ಬೆಳೆಗಾರರಾದ ನಮ್ಮ ಸ್ಥಿತಿ ಈ ವಿಚಾರದಲ್ಲಿ ಸ್ವಲ್ಪ ಸೂಕ್ಷ್ಮವಾದುದು. ನಾವು ದೊಡ್ಡವರ ಕಣ್ಣಿಗೆ ಸಣ್ಣವರು, ಆಳುಗಳ ಕಣ್ಣಿಗೆ ದೊಡ್ಡವರು. ಬೆಳಗ್ಗೆ ಪೇಟೆಯಲ್ಲಿ ನುಂಗಿಕೊಂಡ ಅವಮಾನವನ್ನು ಸಂಜೆ ಕಣದಲ್ಲಿ ಬೇರೆಯವರಿಗೆ ಹಂಚುವ ಅಪಾಯ ಮಧ್ಯದಲ್ಲಿರುವವರಿಗೇ ಹೆಚ್ಚು.

ಕೊಯ್ಲಿನ ಹಂಗಾಮಿನಲ್ಲಿ ಕಾಫಿ ಸೀಮೆಗೆ ಉತ್ತರ ಕರ್ನಾಟಕದ ಜನ ಬರುವುದು ಈಗ ಹೊಸ ಸಂಗತಿಯಲ್ಲ. ನಮ್ಮ ಸುತ್ತಿನ ತೋಟಗಳಿಗೆ ಬರುವವರಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳವರು ಬಹಳ ಮಂದಿ. ಗಂಡ, ಹೆಂಡತಿ, ಕೆಲವೊಮ್ಮೆ ತೊಡೆಯ ಮೇಲಿನ ಕೂಸು, ಒಂದು ಕಂಬಳಿ, ಒಂದು ಚೀಲ ಜೋಳದ ರೊಟ್ಟಿ. ಬಂದಿಳಿದ ದಿನದಿಂದ ಅವರಿಗೆ ನಮ್ಮಲ್ಲಿ ಒಂದೇ ಹೆಸರು: "ರಾಯಚೂರಿನವರು". ಹೆಸರು ಕೇಳುವ ಪದ್ಧತಿಯೂ ಬಹಳ ಕಡೆ ಇಲ್ಲ. ರೈಟರ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರಿನ ಕೆಳಗೆ ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು ಎಂದು ಬರೆದುಕೊಂಡರೆ ಮುಗಿಯಿತು.

ಆ ಸೀಮೆಯ ಪರಿಚಯ ನಮ್ಮ ಸದಸ್ಯರಲ್ಲಿ ಅನೇಕರಿಗೆ ಇರಲಾರದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಹರಿದು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನ ಕಡೆ ಹೋಗುತ್ತದೆ. ಒಣಬೇಸಾಯದ ಸಿಂಧನೂರು ಭತ್ತದ ಕಣಜವಾದದ್ದು ಈ ನೀರಿನಿಂದ. ಆದರೆ ಈ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹೆಚ್ಚಿದಂತೆ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದು ದುಸ್ತರವಾಯಿತು. ಕಾಲುವೆ ಮುಟ್ಟದ ಹಳ್ಳಿಗಳು ಜೋಳ, ತೊಗರಿ, ಸಜ್ಜೆಯ ಜೊತೆ ಮಳೆಯನ್ನೇ ನಂಬಿಕೊಂಡಿವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದೊಳಗಿಂದ ಚಿನ್ನ ತೆಗೆಯುತ್ತಾರೆ. ಅದೇ ತಾಲ್ಲೂಕಿನ ಒಣ ಹಳ್ಳಿಗಳವರು ಕೂಲಿಗಾಗಿ ಗುಳೆ ಹೋಗುತ್ತಾರೆ. ನಮ್ಮ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸು ತನ್ನೂರಿನಲ್ಲಿ ಹೊಲದ ಒಡತಿಯೂ ಆಗಿರಬಹುದು. ಮಳೆ ಬಾರದ ಒಂದು ವರ್ಷ ಅವಳನ್ನು ಇಲ್ಲಿಗೆ ಕಳಿಸಿದೆ, ಅಷ್ಟೇ. ನಮ್ಮ ಬೆಲೆ ಬ್ರೆಜಿಲಿನ ಮಳೆಯ ಮೇಲೆ ನಿಂತಿರುವಂತೆ ಅವಳ ಪ್ರಯಾಣ ಸಿಂಧನೂರಿನ ಮಳೆಯ ಮೇಲೆ ನಿಂತಿದೆ.

ಮಸ್ಕಿಯ ಬಂಡೆ

ಈ ಜನರ ಊರಿನಲ್ಲಿಯೇ ವಿನಯದ ಅತಿ ಹಳೆಯ ಪಾಠವೊಂದು ಕಲ್ಲಿನ ಮೇಲೆ ಉಳಿದುಬಂದಿದೆ. 1915ರಲ್ಲಿ ಬೀಡನ್ ಎಂಬ ಎಂಜಿನಿಯರು, ಆಗ ನಿಜಾಮರ ಆಳ್ವಿಕೆಗೆ ಸೇರಿದ್ದ ಮಸ್ಕಿಯ ಸುತ್ತ ಚಿನ್ನದ ಜಾಡು ಹುಡುಕುತ್ತಿದ್ದಾಗ, ಅಲ್ಲಿನ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಹಳೆಯ ಬರಹವನ್ನು ಕಂಡರು. ಅದು ಬ್ರಾಹ್ಮಿ ಲಿಪಿಯಲ್ಲಿರುವ ಅಶೋಕ ಚಕ್ರವರ್ತಿಯ ಶಾಸನ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೇಶದಾದ್ಯಂತ ದೊರೆತಿದ್ದ ಶಾಸನಗಳಲ್ಲಿ ರಾಜನಿಗೆ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯ ಬಂಡೆಯ ಮೇಲೆ. ಶಾಲೆಯ ಪುಸ್ತಕಗಳಲ್ಲಿ ಮಸ್ಕಿಯ ಹೆಸರು ಬರುವುದು ಈ ಕಾರಣದಿಂದ.

ಹೆಸರಿನ ಮಹತ್ವ ಇತಿಹಾಸಕಾರರದು. ನಮಗೆ ಮಹತ್ವದ್ದೆಂದು ತೋರುವುದು ಬಂಡೆಯ ಮೇಲಿನ ವಿಚಾರ. ತಾನು ಧರ್ಮದ ದಾರಿಗೆ ಬಂದು ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದು ರಾಜ ಅದರಲ್ಲಿ ಹೇಳಿಕೊಳ್ಳುತ್ತಾನೆ. ಇದೇ ಶಾಸನದ ಬೇರೆ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮುಂತಾದ ಕಡೆ ಇವೆ. ಅಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿದೆ: ಮೊದಲ ಒಂದು ವರ್ಷ ತಾನು ಸಾಕಷ್ಟು ಪ್ರಯತ್ನ ಪಡಲಿಲ್ಲವೆಂದು ಚಕ್ರವರ್ತಿ ಒಪ್ಪಿಕೊಂಡಿದ್ದಾನೆ. ಹಿಂದೂಕುಷದಿಂದ ನಮ್ಮ ನಾಡಿನವರೆಗೆ ಆಳಿದ ದೊರೆ, ಯಾರೂ ಕೇಳದಿದ್ದರೂ, ತನ್ನ ಸೋಮಾರಿತನವನ್ನು ಪರರಾಜ್ಯದಂಥ ದೂರದ ಸೀಮೆಯ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಗೆದ್ದ ಯುದ್ಧವನ್ನು ಕೆತ್ತಿಸಿದ ರಾಜರು ಸಾವಿರ ಮಂದಿ ಇದ್ದಾರೆ.

ಮಸ್ಕಿಯ ಶಾಸನದ ಮುಂದಿನ ಮಾತು ಇನ್ನೂ ದೊಡ್ಡದು. ಈ ಸಾಧನೆ ದೊಡ್ಡವರಿಗೆ ಮಾತ್ರ ಸಾಧ್ಯವೆಂದು ಯಾರೂ ಎಣಿಸಬಾರದು. ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ಸಾಧ್ಯ. ದೊಡ್ಡವರಿಗೂ ಸಣ್ಣವರಿಗೂ ಇದನ್ನು ತಿಳಿಸಬೇಕು. ಇದು ಅದರ ತಾತ್ಪರ್ಯ. ಇದರಲ್ಲಿ ವಿನಯದ ಎರಡು ಮುಖಗಳೂ ಅಡಗಿವೆ. ದೊಡ್ಡವನಿಗೆ ಅದು ಹೇಳುವುದು: ನೀನು ಏರಿದ ಎತ್ತರ ನಿನ್ನೊಬ್ಬನ ಸೊತ್ತಲ್ಲ. ಸಣ್ಣವನಿಗೆ ಹೇಳುವುದು: ನೀನು ಸಣ್ಣವನೆಂದು ಕುಗ್ಗಿ ಕೂರಬೇಡ, ಪ್ರಯತ್ನ ಪಡು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಆಡಿದ ಈ ಮಾತನ್ನು ತಮ್ಮೂರ ಗುಡ್ಡದಲ್ಲಿ ಇಟ್ಟುಕೊಂಡ ಜನ ನಮ್ಮ ಲೈನ್ ಮನೆಗಳಲ್ಲಿ ಬಂದು ಇಳಿಯುತ್ತಾರೆ.

ಇದೇ ದೊರೆಯ ಇನ್ನೊಂದು ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆಯಿತು. ಹಳೆಯ ಗುಡಿಯೊಂದರ ಛಾವಣಿ ಕುಸಿದ ಮೇಲೆ, ಒಳಗಿನ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಬರಹ ಕಂಡಿತು. ಅದರಲ್ಲಿ ನಾಲಿಗೆಯ ಹಿಡಿತದ ಮಾತಿದೆ. ತನ್ನ ಪಂಥವನ್ನು ಹೊಗಳಿಕೊಳ್ಳುತ್ತ ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ಸಾರ. ಪಂಥದ ಬದಲು ತೋಟ, ಜಾತಿ, ಸೀಮೆ ಎಂದು ಇಟ್ಟು ಓದಿಕೊಂಡರೂ ಅರ್ಥ ಕೆಡುವುದಿಲ್ಲ.

ಓದಿದವರ ಗರ್ವ

ಧನದ ಗರ್ವಕ್ಕಿಂತ ಓದಿನ ಗರ್ವ ಇಳಿಯುವುದು ಕಷ್ಟ. ಪದವಿ ಪಡೆದು ತೋಟಕ್ಕೆ ಮರಳಿದ ನಮ್ಮಂಥವರು ನೆನಪಿಡಬೇಕಾದ ಕಥೆಯೂ ಆ ಸೀಮೆಯಲ್ಲಿಯೇ ಇದೆ. ಸಿಂಧನೂರಿನ ಪಕ್ಕದ ಮಾನ್ವಿಯಲ್ಲಿ 18ನೆಯ ಶತಮಾನದಲ್ಲಿ ಶ್ರೀನಿವಾಸಾಚಾರ್ಯರೆಂಬ ದೊಡ್ಡ ಸಂಸ್ಕೃತ ಪಂಡಿತರಿದ್ದರು. ಕನ್ನಡದಲ್ಲಿ ಹಾಡಿಕೊಂಡು ಊರೂರು ತಿರುಗುವ ದಾಸರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊರಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ನೆಪವಾಗಿದ್ದ ನೋವು ನಿಜವಾಗಿಯೇ ಕಾಡಿತೆಂದೂ, ಕೊನೆಗೆ ವಿಜಯದಾಸರ ಶಿಷ್ಯರಾದ ಗೋಪಾಲದಾಸರಲ್ಲಿಗೆ ಹೋಗಿ ಶರಣಾದ ಮೇಲೆ ಗುಣವಾಯಿತೆಂದೂ ಪರಂಪರೆ ಹೇಳುತ್ತದೆ. ಅವರೇ ಮುಂದೆ ಜಗನ್ನಾಥದಾಸರಾದರು. ಅವರು ಭಾಮಿನಿ ಷಟ್ಪದಿಯಲ್ಲಿ ಬರೆದ ಹರಿಕಥಾಮೃತಸಾರವನ್ನು ಇಂದಿಗೂ ಮನೆಮನೆಗಳಲ್ಲಿ ಓದುತ್ತಾರೆ.

ಹೊಟ್ಟೆನೋವಿನ ಸಂಗತಿಯನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ನಮಗೆ ಮುಖ್ಯವಾಗಿ ಕಾಣುವುದು ಇಷ್ಟು: ಆ ಪಂಡಿತರು ತಮ್ಮ ವಿದ್ಯೆಯನ್ನು ಬಿಟ್ಟುಕೊಡಲಿಲ್ಲ. ತಾವು ತಾತ್ಸಾರ ಮಾಡಿದ ಭಾಷೆಯಲ್ಲಿ, ತಾವು ತಾತ್ಸಾರ ಮಾಡಿದ ಜನರಿಗಾಗಿ ಆ ವಿದ್ಯೆಯನ್ನು ಎರಡು ಕೈಯಿಂದ ಕೊಟ್ಟರು. ವಿನಯದಿಂದ ವಿದ್ಯೆ ಕಡಿಮೆಯಾಗುವುದಿಲ್ಲ, ಉಪಯೋಗಕ್ಕೆ ಬರುತ್ತದೆ.

ಅಡಿಕೆ ಬೆಳೆಗಾರರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೋರ್ಡೋ ದ್ರಾವಣ. 1882ರಲ್ಲಿ ಫ್ರಾನ್ಸ್ ದೇಶದ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳ ಬದಿಯಲ್ಲಿ ನಡೆದುಹೋಗುತ್ತಿದ್ದರು. ಎಲ್ಲ ಕಡೆ ಬಳ್ಳಿಗೆ ರೋಗ ತಗುಲಿದ್ದರೂ ದಾರಿಯ ಅಂಚಿನ ಬಳ್ಳಿಗಳಲ್ಲಿ ಎಲೆ ಹಸನಾಗಿತ್ತು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ, ಸುಣ್ಣ ಕಲಸಿ ಆ ಬಳ್ಳಿಗಳಿಗೆ ಎರಚಿದ್ದಾಗಿ ತೋಟದವರು ಹೇಳಿದರು. ಪ್ರಾಧ್ಯಾಪಕರು ಅದನ್ನು ನಕ್ಕು ಬಿಡಲಿಲ್ಲ. ಮೂರು ವರ್ಷ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಕೆನಡಾ ದೇಶದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದೇ ದ್ರಾವಣವನ್ನು ನಮ್ಮ ಮರಗಳಿಗೆ ತಂದರು. ಕಳ್ಳರಿಗೆಂದು ಎರಚಿದ ನೀರು ಮಳೆಗಾಲದಲ್ಲಿ ನಮ್ಮ ಗೊನೆಗಳನ್ನು ಕಾಯುತ್ತಿರುವುದು, ಓದಿದವನೊಬ್ಬ ಓದದವರ ಮಾತನ್ನು ನಿಂತು ಕೇಳಿದ್ದರಿಂದ.

ಆ ದ್ರಾವಣವನ್ನು ಮಾಡುವ ಕ್ರಮವನ್ನೇ ನೋಡಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಅಳತೆ ಎಲ್ಲರಿಗೂ ಬಾಯಿಪಾಠ. ಆದರೂ ಕೊನೆಗೆ ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹೊಡೆದರೆ ಗೊನೆ ಸುಡುತ್ತದೆ. ಮೂವತ್ತು ವರ್ಷ ಔಷಧಿ ಕಲಸಿದವನೂ ಚಾಕು ಅದ್ದಲೇಬೇಕು, ಏಕೆಂದರೆ ಸುಣ್ಣ ಪ್ರತಿವರ್ಷ ಒಂದೇ ಆಗಿರುವುದಿಲ್ಲ. ನಮ್ಮ ಅನುಭವದ ಮೇಲೆ ನಮಗಿರುವ ನಂಬಿಕೆಯನ್ನು ದಿನವೂ ಹೀಗೆ ಅದ್ದಿ ನೋಡುವ ಒಂದೊಂದು ಚಾಕು ಬೇಕು. ಮರ ಏರುವ ಕೊನೆಗಾರ "ಅಯ್ಯಾ, ಆ ಮೂಲೆಯ ಮರಗಳಲ್ಲಿ ಕಾಯಿ ಉದುರುವ ರೀತಿ ಬೇರೆ" ಎಂದಾಗ, ಕೆಳಗೆ ನಿಂತವರು "ನನಗೆ ಗೊತ್ತು ಬಿಡೋ" ಎನ್ನದೆ "ಹೇಗಿದೆ ಹೇಳು" ಎನ್ನುವುದು ಅಂಥ ಒಂದು ಚಾಕು.

ಮಾತು ಮತ್ತು ತಕ್ಕಡಿ

ವಿನಯ ಮನಸ್ಸಿನ ಗುಣ, ಅದನ್ನು ಅಭ್ಯಾಸದಿಂದ ತರಲಾಗದು ಎಂದು ಕೆಲವರ ವಾದ. ನಾವು ಒಪ್ಪುವುದಿಲ್ಲ. ಮನಸ್ಸು ಇಂದು ಒಂದು ಬಗೆ, ನಾಳೆ ಒಂದು ಬಗೆ. ಅದನ್ನೇ ಕಾಯುತ್ತ ಕುಳಿತರೆ ಕೊಯ್ಲು ಮುಗಿದುಹೋಗುತ್ತದೆ. ಮಾಡುವ ಕೆಲಸವನ್ನು ಕ್ರಮಕ್ಕೆ ತಂದರೆ ಮನಸ್ಸು ಹಿಂದೆ ಬರುತ್ತದೆ. ಅಶೋಕ ಮಾತನಾಡಿದ್ದೂ ಪ್ರಯತ್ನದ ವಿಚಾರವನ್ನೇ.

ಮೊದಲನೆಯದು ಮಾತು. ರಾಯಚೂರು ಕಡೆಯವರ ಕನ್ನಡದಲ್ಲಿ "ರೀ" ಎಂಬುದು ಉಸಿರಾಟದಷ್ಟು ಸಹಜ. "ಬರ್ರಿ, ಕುಂದ್ರ್ರಿ, ಊಟ ಮಾಡ್ರಿ" ಎಂದು ಗುರುತಿಲ್ಲದವರನ್ನೂ ಕರೆಯುವ ಜನ. ಅಂಥವರು ನಮ್ಮ ಕಣದಲ್ಲಿ ಮೊದಲ ದಿನ ಕೇಳುವ ಮಾತು "ಏ, ಬಾರೇ ಇಲ್ಲಿ". ಹೇಳಿದವನ ಮಗನಷ್ಟು ವಯಸ್ಸಿನ ಹುಡುಗ ಅರವತ್ತು ದಾಟಿದ ಮುದುಕನನ್ನು "ಲೋ" ಎನ್ನುವುದೂ ಉಂಟು. ಇದು ನಮ್ಮ ಕಡೆಯ ಭಾಷೆ, ಕೆಟ್ಟ ಉದ್ದೇಶವಿಲ್ಲ ಎಂಬ ಸಮಾಧಾನ ಸಾಲದು. ಅದೇ ಹುಡುಗ ಬ್ಯಾಂಕಿನಲ್ಲಿ ಬಹುವಚನ ಬಲ್ಲ. ಬಂದ ದಿನ ಹೆಸರು ಕೇಳಿ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರೂ ಬರೆಯುವುದು, ಹಿರಿಯರನ್ನು ಅವರವರ ಕಡೆಯ ರೂಢಿಯಂತೆ ಅಪ್ಪಾ, ಅವ್ವಾ, ಅಕ್ಕಾ ಎನ್ನುವುದು, ಮನೆಯ ಮಕ್ಕಳಿಗೂ ಇದನ್ನೇ ಕಲಿಸುವುದು. ಇದಕ್ಕೆ ಖರ್ಚಿಲ್ಲ, ಸಬ್ಸಿಡಿಯೂ ಬೇಕಿಲ್ಲ.

ಎರಡನೆಯದು ತಕ್ಕಡಿ. ಹಣ್ಣು ಬಿಡಿಸುವುದು ಬಹಳ ತೋಟಗಳಲ್ಲಿ ಕೆ.ಜಿ. ಲೆಕ್ಕ. ಸಂಜೆ ದಣಿದ ಜನ ಸಾಲಾಗಿ ನಿಂತಾಗ ತಕ್ಕಡಿಯ ಮುಖ ಯಾರ ಕಡೆಗಿರುತ್ತದೆ ಎಂಬುದನ್ನು ಸದಸ್ಯರು ಒಮ್ಮೆ ಗಮನಿಸಬೇಕು. ಅಂಕಿ ರೈಟರಿಗೆ ಮಾತ್ರ ಕಾಣುವಂತೆ ಇಡುವುದು, ಚೀಲದ ತೂಕವೆಂದೂ ಸೊಪ್ಪುಸದೆಯೆಂದೂ ಒದ್ದೆಯೆಂದೂ ಪ್ರತಿ ಚೀಲದಿಂದ ಕಣ್ಣಂದಾಜಿನಲ್ಲಿ ಒಂದೆರಡು ಕೆ.ಜಿ. ಮುರಿಯುವುದು ಕೆಲವು ಕಡೆ ರೂಢಿಗೆ ಬಂದಿದೆ. ಖಾಲಿ ಚೀಲವನ್ನು ತೂಗಿ ಅಷ್ಟನ್ನೇ ಕಳೆಯುವುದು, ಸೊಪ್ಪಿದ್ದರೆ ಅವರ ಕೈಯಲ್ಲಿಯೇ ಆರಿಸಿ ತೆಗೆಸುವುದು, ಅಂಕಿಯನ್ನು ಗಟ್ಟಿಯಾಗಿ ಓದಿ ಬರೆಯುವುದು ನ್ಯಾಯವಾದ ಕ್ರಮ. ಇದು ಪ್ರಾಮಾಣಿಕತೆಯ ವಿಚಾರ, ವಿನಯ ಇದರಲ್ಲೇನು ಬಂತು ಎಂದು ಕೇಳಬಹುದು. ನನ್ನ ಲೆಕ್ಕವನ್ನು ನನಗಿಂತ ಸಣ್ಣವನು ಪರೀಕ್ಷಿಸಬಹುದು, ತಪ್ಪಿದ್ದರೆ ತೋರಿಸಬಹುದು ಎಂದು ಒಪ್ಪಿಕೊಳ್ಳುವುದರಲ್ಲಿ ವಿನಯವಿದೆ. ಒಳಗೆ ಪ್ರಾಮಾಣಿಕನಾಗಿದ್ದೂ "ನನ್ನ ಮಾತಿನ ಮೇಲೆ ಅನುಮಾನವೇ?" ಎಂದು ಸಿಟ್ಟಾಗುವವನಿಗೆ ಇನ್ನೂ ಒಂದು ಮೆಟ್ಟಿಲು ಉಳಿದಿದೆ.

ಮೂರನೆಯದು ನೀರು. ಸಿಂಧನೂರು ಸೀಮೆಯ ಕಾಲುವೆಯ ಕೊನೆಯ ಭಾಗದವರ ಪಾಡನ್ನು ಮೇಲೆ ಹೇಳಿದೆವು. ಮೇಲ್ಭಾಗದ ರೈತ ಕೆಟ್ಟವನಲ್ಲ. ತೂಬಿನ ಕೆಳಗೆ ಯಾರಿದ್ದಾರೆಂಬುದು ಅವನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಹಳ್ಳಗಳಿಗೂ ಕೊನೆಯ ಭಾಗವಿದೆ. ಪಲ್ಪರಿನ ತೊಳೆದ ನೀರನ್ನು ನೇರ ಹಳ್ಳಕ್ಕೆ ಬಿಟ್ಟರೆ ಕೆಳಗಿನ ಕೇರಿಯವರು ಆ ಹುಳಿ ನಾತದ ನೀರಿನಲ್ಲಿ ಪಾತ್ರೆ ತೊಳೆಯಬೇಕಾಗುತ್ತದೆ, ದನ ಅದನ್ನು ಮೂಸಿ ಹಿಂದೆ ಸರಿಯುತ್ತದೆ. ಹೊಂಡ ತೋಡಿ, ಸುಣ್ಣ ಹಾಕಿ, ತಿಳಿಯಾಗಲು ಬಿಡುವುದು ಕಾನೂನಿನ ವಿಚಾರವೂ ಹೌದು. ಕಾಣದವರನ್ನು ಲೆಕ್ಕಕ್ಕೆ ಹಿಡಿಯುವುದು ಅದಕ್ಕೂ ಮೊದಲಿನ ವಿಚಾರ.

ವಿನಯವೂ ದೈನ್ಯವೂ ಬೇರೆ

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ವಿನಯದ ಹೆಸರಿನಲ್ಲಿ ಸಣ್ಣ ಬೆಳೆಗಾರರನ್ನು ಬಾಯಿ ಮುಚ್ಚಿಸುವವರೂ ಇದ್ದಾರೆ. ವ್ಯಾಪಾರಿ ತೇವಾಂಶದ ಹೆಸರಿನಲ್ಲಿ ಬೆಲೆ ಮುರಿದಾಗ ಲೆಕ್ಕ ಕೇಳಿದರೆ "ದೊಡ್ಡವರೊಂದಿಗೆ ವಾದವೇ?" ಎನ್ನುತ್ತಾರೆ. ಲೆಕ್ಕ ಕೇಳುವುದು ಅವಿನಯವಲ್ಲ. ನಮ್ಮ ತಕ್ಕಡಿಯನ್ನು ಆಳುಗಳ ಕಡೆ ತಿರುಗಿಸಿದವರಿಗೆ ವ್ಯಾಪಾರಿಯ ತಕ್ಕಡಿಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುವ ಹಕ್ಕೂ ಧೈರ್ಯವೂ ಬರುತ್ತವೆ. ಕೆಳಗೆ ಒದ್ದು ಮೇಲೆ ಬಾಗುವುದು ದೈನ್ಯ. ಮೇಲೂ ಕೆಳಗೂ ಒಂದೇ ನೇರ, ಒಂದೇ ದನಿ ಇಟ್ಟುಕೊಳ್ಳುವುದು ವಿನಯ.

ಸಹಕಾರ ಸಂಘ ಹುಟ್ಟಿದ್ದೇ ಈ ನೆಲೆಯ ಮೇಲೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಸ್ವತಃ ಅನುಕೂಲಸ್ಥರಾದ ಗೌಡರು ಸಾಲಗಾರರ ಜೊತೆ ಒಂದೇ ಸಂಘದ ಸದಸ್ಯರಾಗಿ ಕುಳಿತರು. ಇಂದಿಗೂ ನಮ್ಮ ಕಾಯಿದೆಯಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಎಕರೆಗೆ ಮತವಿಲ್ಲ, ಷೇರಿನ ಮೊತ್ತಕ್ಕೂ ಮತವಿಲ್ಲ. ಆದರೆ ಮತ ಸಮನಾದರೂ ಮಾತು ಸಮನಾಗಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಮುಂದಿನ ಕುರ್ಚಿಯ ನಾಲ್ಕಾರು ಮಂದಿ ಮಾತನಾಡಿ ಮುಗಿಸುವಷ್ಟರಲ್ಲಿ ಊಟದ ಗಂಟೆ ಬಾರಿಸುತ್ತದೆ. ಹಿಂದಿನ ಬೆಂಚಿನ ಅರ್ಧ ಎಕರೆ ಅಡಿಕೆಯ ಸದಸ್ಯರು, ಗಂಡನ ಬದಲು ಬಂದ ಹೆಣ್ಣುಮಕ್ಕಳು ಸಹಿ ಹಾಕಿ ಹೊರಡುತ್ತಾರೆ. ಮುಂದಿನ ಮಹಾಸಭೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಒಂದೆಕರೆಗೆ ಒಳಪಟ್ಟ ಸದಸ್ಯರಿಗೇ ಮೀಸಲಿಡಬೇಕೆಂದು ಆಡಳಿತ ಮಂಡಳಿಯ ಮುಂದೆ ಸಲಹೆ ಇಡಲಿದ್ದೇವೆ. ದೊಡ್ಡ ಸದಸ್ಯರು ಆ ಅರ್ಧ ಗಂಟೆ ಕೇಳುತ್ತ ಕುಳಿತರೆ ಸಂಘಕ್ಕೆ ಅದೇ ದೊಡ್ಡ ಠೇವಣಿ.

ಇದೆಲ್ಲ ಮಾಡಿದರೆ ಆಳುಗಳು ಮುಂದಿನ ವರ್ಷವೂ ನಮ್ಮಲ್ಲಿಗೇ ಬರುವರೇ ಎಂದು ಕೇಳುವವರಿದ್ದಾರೆ. ಬರಬಹುದು. ಆಳಿನ ಅಭಾವದ ಈ ಕಾಲದಲ್ಲಿ ಅದು ಸಣ್ಣ ಲಾಭವಲ್ಲ. ಆದರೂ ಲಾಭಕ್ಕಾಗಿ ಹಾಕಿಕೊಂಡ ವಿನಯ ಲಾಭ ತಪ್ಪಿದ ದಿನ ಕಳಚಿ ಬೀಳುತ್ತದೆ. ಸಿಂಧನೂರಿನಲ್ಲಿ ಒಳ್ಳೆಯ ಮಳೆಯಾಗಿ, ಕೊನೆಯ ಭಾಗಕ್ಕೂ ನೀರು ಬಂದು, ಆ ಜನ ತಮ್ಮ ಹೊಲದಲ್ಲಿಯೇ ಉಳಿಯುವಂತಾದರೆ ನಾವು ಬೇಸರಪಡಬಾರದು. ನಮ್ಮ ಹಣ್ಣು ಕೊಯ್ಯುವ ಕೈ ಸಿಗಲೆಂದು ಇನ್ನೊಂದು ಸೀಮೆಗೆ ಬರ ಬಯಸುವಂಥ ಬೆಳೆಗಾರಿಕೆ ನಮಗೆ ಬೇಡ.

ತೂಕದ ವಿಚಾರ ಬಂದುದರಿಂದ ಒಂದು ಸೂಚನೆ. ಸಂಘದ ಕಚೇರಿಯಲ್ಲಿ ಸರ್ಕಾರಿ ಮುದ್ರೆ ಒತ್ತಿದ ತೂಕದ ಕಲ್ಲುಗಳಿವೆ. ಕೊಯ್ಲು ಆರಂಭವಾಗುವ ಮುಂಚೆ ಸದಸ್ಯರು ತಮ್ಮ ತಕ್ಕಡಿಗಳನ್ನು ಕಚೇರಿಯ ವೇಳೆಯಲ್ಲಿ ತಂದು ಹೋಲಿಸಿ ನೋಡಿಕೊಳ್ಳಬಹುದು. ಇದಕ್ಕೆ ಯಾವ ಶುಲ್ಕವೂ ಇಲ್ಲ. ಬರುವಾಗ ಮೇಸ್ತ್ರಿಯನ್ನಾಗಲಿ, ಹಣ್ಣು ಬಿಡಿಸುವವರಲ್ಲಿ ಒಬ್ಬರನ್ನಾಗಲಿ ಜೊತೆಗೆ ಕರೆತಂದರೆ ಉತ್ತಮ.